ರಾಡಿ ನೀರು ಬಂದರೆ ಮೀನಿನ ಸಂತಾನ ಹೆಚ್ಚುತ್ತದೆಯೇ?

ಮೃಗಶಿರಾ, ಆರಿದ್ರಾ ಮಳೆ ಬಿದ್ದು ಹಳ್ಳಗಳು ಕೆಂಪಾಗಿ ಹರಿಯತೊಡಗಿದರೆ ಕೆರೆ ಇರುವ ಊರುಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಹೊಸ ನೀರು ಬಂತು, ಇನ್ನ ಮೀನು ಹೆಚ್ಚತಾವ.’ ಇದರ ಜೊತೆಗೇ ಇನ್ನೊಂದು ಮಾತೂ ಇದೆ. ಮೀನಿಗೆ ರಾಡಿ ನೀರೇ ಇಷ್ಟ, ತಿಳಿ ನೀರಿನಲ್ಲಿ ಅದು ಮರಿ ಮಾಡುವುದಿಲ್ಲ ಎನ್ನುವುದು.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಇದು ಸುಮ್ಮನೆ ಕುತೂಹಲದ ಪ್ರಶ್ನೆಯಲ್ಲ. ಹಾನಗಲ್ಲಿನ ಆನಿಕೆರೆ, ಸವಣೂರಿನ ಮೋತಿ ತಲಾಬ, ಹಿರೇಕೆರೂರಿನ ದುರ್ಗಾದೇವಿ ಕೆರೆ, ಆ ಭಾಗದ ಮದಗ-ಮಾಸೂರು ಕೆರೆ, ಇವುಗಳ ಜೊತೆಗೆ ಊರೂರಿನ ಸಣ್ಣ ಕೆರೆಕಟ್ಟೆಗಳಿರುವ ನೆಲ ಇದು. ವರದಾ, ಧರ್ಮಾ, ಕುಮುದ್ವತಿ ನದಿಗಳು ಇಲ್ಲಿ ಹರಿಯುತ್ತವೆ. ಕೆರೆಯ ಮೀನು ಗುತ್ತಿಗೆ ಹಿಡಿದವರಿಗೆ ಅದು ವರ್ಷದ ಆದಾಯ. ಗಾಳ ಹಾಕಿ ನಾಲ್ಕು ಸಣ್ಣ ಮೀನು ಹಿಡಿದು ಒಯ್ಯುವವರಿಗೆ ಅದು ದುಡ್ಡಿಲ್ಲದೆ ಸಿಗುವ ಊಟ. ಹೀಗಾಗಿ ಕೆರೆಯ ನೀರು ಕದಡಿದರೆ ಮೀನಿನ ಸಂತಾನಕ್ಕೆ ಏನಾಗುತ್ತದೆ ಎಂಬುದನ್ನು ಸರಿಯಾಗಿ ತಿಳಿಯುವುದು ಒಳ್ಳೆಯದು.

ಸಂಕ್ಷಿಪ್ತ ಉತ್ತರ

ಮೊದಲ ಮಾತಿನಲ್ಲಿ ಅರ್ಧ ನಿಜವಿದೆ. ಮಳೆಗಾಲದ ಹೊಸ ನೀರು ಹಲವು ಜಾತಿಯ ಮೀನುಗಳಿಗೆ ಮೊಟ್ಟೆ ಇಡುವ ಸೂಚನೆ ಕೊಡುತ್ತದೆ. ಆದರೆ ಆ ಸೂಚನೆ ಇರುವುದು ನೀರಿನ ಏರಿಕೆ, ಹರಿವು ಮತ್ತು ತಂಪಿನಲ್ಲಿ, ಮಣ್ಣಿನಲ್ಲಲ್ಲ. ಎರಡನೆಯ ಮಾತು ತಪ್ಪು. ಕೆಲವು ದಿನ ಇದ್ದು ತಿಳಿಯಾಗುವ ಕೆಂಪು ನೀರಿನಿಂದ ದೊಡ್ಡ ಹಾನಿಯಿಲ್ಲ. ತಿಂಗಳುಗಟ್ಟಲೆ ರಾಡಿಯಾಗಿಯೇ ಇರುವ, ಅಥವಾ ಪಾಚಿಯಿಂದ ಹಸಿರುಗಟ್ಟಿದ ನೀರು ಮಾತ್ರ ಮೀನುಗಳು ಸಂಗಾತಿಯನ್ನು ಗುರುತಿಸುವುದನ್ನೂ, ಮೊಟ್ಟೆ ಉಳಿಯುವುದನ್ನೂ, ಮರಿ ಬೆಳೆಯುವುದನ್ನೂ ಕೆಡಿಸುತ್ತದೆ.

ಹೊಸ ನೀರಿನಲ್ಲಿ ನಿಜವಾಗಿ ನಡೆಯುವುದೇನು?

ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೂಲತಃ ದೊಡ್ಡ ನದಿಗಳ ಮೀನುಗಳು. ಬೇಸಿಗೆ ಕಳೆಯುವ ಹೊತ್ತಿಗೆ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆಗಳು ಬಲಿತು ಸಿದ್ಧವಾಗಿರುತ್ತವೆ. ಮಳೆ ಬಂದು ನೀರು ಏರಿ, ಹರಿವು ಹೆಚ್ಚಿ, ನೀರಿನ ಬಿಸಿ ಇಳಿದಾಗ ಅದರ ಸುದ್ದಿ ಮೀನಿನ ಮಿದುಳಿಗೆ ಮುಟ್ಟುತ್ತದೆ. ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಹಾರ್ಮೋನು ಬಿಡುತ್ತದೆ. ಆಗ ಹೆಣ್ಣು ಮೊಟ್ಟೆ ಇಡುತ್ತದೆ, ಗಂಡು ಅದರ ಮೇಲೆ ವೀರ್ಯ ಬಿಡುತ್ತದೆ. ಮೀನುಗಳು ನೆರೆ ಹರಡಿದ ಆಳವಿಲ್ಲದ ಜಾಗಗಳಿಗೆ ಬಂದು ಈ ಕೆಲಸ ಮಾಡುತ್ತವೆ.

ನಿಂತ ಕೆರೆಯಲ್ಲಿ ಈ ಸೂಚನೆಗಳು ಒಟ್ಟಿಗೆ ಸಿಗುವುದು ಅಪರೂಪ. ಹೀಗಾಗಿ ಕಾಟ್ಲಾ, ರೋಹು ಕೆರೆಯಲ್ಲಿ ಚೆನ್ನಾಗಿ ಕೊಬ್ಬುತ್ತವೆ, ಮೊಟ್ಟೆಯನ್ನೂ ತುಂಬಿಕೊಳ್ಳುತ್ತವೆ, ಆದರೆ ಸಾಮಾನ್ಯವಾಗಿ ಅಲ್ಲಿ ಮೊಟ್ಟೆ ಇಡುವುದಿಲ್ಲ. ಪ್ರತಿವರ್ಷ ಹೊರಗಿನಿಂದ ಮೀನುಮರಿ ತಂದು ಬಿಡುವುದು ಇದೇ ಕಾರಣಕ್ಕೆ.

ಹಾಗಾದರೆ ಸೂಚನೆ ಕೊಡುವುದು ಮಣ್ಣೋ ಹರಿವೋ? ಇದಕ್ಕೆ ಎರಡು ಕಡೆಯಿಂದ ಉತ್ತರ ಸಿಕ್ಕಿದೆ. ಪಶ್ಚಿಮ ಬಂಗಾಳದ ಮೀನುಗಾರರು ಹಿಂದಿನಿಂದಲೂ ‘ಬಂಧ್’ ಎಂಬ ವಿಶೇಷ ಕೆರೆಗಳನ್ನು ಬಳಸುತ್ತ ಬಂದಿದ್ದಾರೆ. ಇಳಿಜಾರಿನ ವಿಶಾಲ ಜಾಗದಿಂದ ಮಳೆನೀರು ರಭಸವಾಗಿ ಬಂದು ತುಂಬುವಂತೆ ಒಡ್ಡು ಹಾಕಿರುತ್ತಾರೆ. ಹೊಸ ನೀರು ನುಗ್ಗಿದ ಕೂಡಲೇ ಅಲ್ಲಿ ಬಿಟ್ಟ ಗಂಡು-ಹೆಣ್ಣು ಮೀನುಗಳು ಮೊಟ್ಟೆ ಇಡುತ್ತವೆ. ಅಂದರೆ ನದಿಯೇ ಬೇಕೆಂದಿಲ್ಲ, ನದಿಯ ನೆರೆಯಂಥ ಪರಿಸ್ಥಿತಿ ಸಾಕು.

ಇನ್ನೊಂದು ಉತ್ತರ ಪ್ರಯೋಗಾಲಯದಿಂದ ಬಂತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಡಾ. ಕೆ.ಎಚ್. ಅಲಿಕುನ್ಹಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಆ ನೆನಪಿಗಾಗಿಯೇ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಇಂದು ಮರಿ ಉತ್ಪಾದನಾ ಕೇಂದ್ರಗಳಲ್ಲಿ ಹಾರ್ಮೋನು ಚುಚ್ಚಿದ ಮೀನುಗಳನ್ನು ಸಿಮೆಂಟಿನ ಗುಂಡು ತೊಟ್ಟಿಯಲ್ಲಿ, ಸುತ್ತುತ್ತ ಹರಿಯುವ ಶುದ್ಧ ನೀರಿಗೆ ಬಿಡುತ್ತಾರೆ. ಅಲ್ಲಿ ಒಂದು ಚಿಟಿಕೆ ರಾಡಿಯೂ ಇರುವುದಿಲ್ಲ. ಮೀನು ಮೊಟ್ಟೆ ಇಡುತ್ತದೆ, ಮರಿಯೂ ಆಗುತ್ತದೆ. ಮಣ್ಣು ಅನಿವಾರ್ಯವಾಗಿದ್ದರೆ ಇದು ಆಗುತ್ತಿರಲಿಲ್ಲ.

ಹಾಗಾಗಿ ಕೆಂಪು ನೀರು ಮತ್ತು ಮೀನಿನ ಸಂತಾನ ಒಟ್ಟಿಗೆ ಕಾಣಿಸಿಕೊಳ್ಳುವುದು ನಿಜ. ಎರಡನ್ನೂ ಕರೆತರುವುದು ಮಳೆ. ಕೆಂಪು ಬಣ್ಣ ಆ ಮಳೆಯ ಜೊತೆಗೆ ಬಂದ ಸಂಗಾತಿ ಅಷ್ಟೇ.

ರಾಡಿಯಲ್ಲಿ ಎರಡು ಬಗೆ

ನೀರು ತಿಳಿಯಾಗಿಲ್ಲ ಎಂದರೆ ಅದರಲ್ಲಿ ಏನೋ ತೇಲುತ್ತಿದೆ ಎಂದರ್ಥ. ಕೆರೆಗಳಲ್ಲಿ ಅದು ಮುಖ್ಯವಾಗಿ ಎರಡು ಬಗೆ.

ಒಂದು, ಮಣ್ಣು. ಹೊಲಗಳಿಂದ, ರಸ್ತೆ ಬದಿಯಿಂದ, ಗುಡ್ಡದಿಂದ ಮಳೆನೀರಿನ ಜೊತೆ ಬರುವ ಹೂಳು. ಮಸಾರಿ ಮಣ್ಣಿನ ಕಡೆಯಿಂದ ಬಂದರೆ ನೀರು ಕೆಂಪು, ಎರೆ ಹೊಲಗಳಿಂದ ಬಂದರೆ ಬೂದು ಅಥವಾ ಕಂದು. ಇನ್ನೊಂದು, ಪಾಚಿ. ಹೊಲದ ಗೊಬ್ಬರ, ಊರಿನ ಗಟಾರದ ನೀರು ಕೆರೆ ಸೇರಿದಾಗ ಅದರಲ್ಲಿನ ಸಾರಜನಕ, ರಂಜಕ ತಿಂದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಿಪರೀತ ಬೆಳೆಯುತ್ತದೆ. ಆಗ ನೀರು ಬಟಾಣಿ ಸಾರಿನಂತೆ ಹಸಿರಾಗುತ್ತದೆ.

ಮಣ್ಣಿನ ರಾಡಿ ಎಷ್ಟು ದಿನ ಉಳಿಯುತ್ತದೆ ಎಂಬುದು ಕಣದ ಗಾತ್ರದ ಮೇಲೆ ನಿಂತಿದೆ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಮರಳಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಆಳ ಇಳಿಯಲು ಸುಮಾರು ಎರಡು ನಿಮಿಷ ಸಾಕು. ಮಿಲಿಮೀಟರಿನ ಐನೂರನೇ ಒಂದು ಭಾಗದಷ್ಟಿರುವ ಜೇಡಿಯ ಕಣಕ್ಕೆ ಅದೇ ದೂರ ಇಳಿಯಲು ಮೂರು ದಿನ ಬೇಕು. ಅದರ ಕಾಲು ಭಾಗದಷ್ಟೇ ಇರುವ ಇನ್ನೂ ನಯವಾದ ಕಣಕ್ಕೆ ಒಂದೂವರೆ ತಿಂಗಳಿಗೂ ಹೆಚ್ಚು. ಇದು ನೀರು ಅಲುಗಾಡದೆ ಇದ್ದರೆ ಮಾತ್ರ. ಗಾಳಿ ಬೀಸಿದರೆ, ಎಮ್ಮೆಗಳು ಇಳಿದರೆ, ತಳ ಕೆದಕುವ ಮೀನುಗಳಿದ್ದರೆ ಲೆಕ್ಕ ಮತ್ತೆ ಮೊದಲಿನಿಂದ ಶುರು. ಎರೆಮಣ್ಣಿನಲ್ಲಿ ಜೇಡಿಯ ಪಾಲು ಹೆಚ್ಚು. ಅಂಥ ಕಡೆಯ ಕೆರೆ ಒಮ್ಮೆ ಕದಡಿದರೆ ಬೇಗ ತಿಳಿಯಾಗದಿರಲು ಇದೇ ಕಾರಣ.

ಮೀನು ಸಂಗಾತಿಯನ್ನು ಆರಿಸುವುದು ಹೇಗೆ?

ಮೀನುಗಳು ಸಿಕ್ಕ ಸಿಕ್ಕವರೊಡನೆ ಕೂಡುತ್ತವೆ ಎಂದು ನಾವು ಅಂದುಕೊಳ್ಳುತ್ತೇವೆ. ಹಲವು ಜಾತಿಗಳಲ್ಲಿ ಹಾಗಿಲ್ಲ. ಸೊಳ್ಳೆ ಮರಿ ತಿನ್ನಲೆಂದು ಬಾವಿ, ಹೊಂಡಗಳಿಗೆ ಬಿಡುವ ಗಪ್ಪಿ ಮೀನನ್ನೇ ನೋಡಿ. ಗಂಡಿನ ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳಿರುತ್ತವೆ. ಅನೇಕ ಕಡೆಯ ಗಪ್ಪಿಗಳಲ್ಲಿ ಹೆಣ್ಣು ಹೆಚ್ಚು ಕಿತ್ತಳೆ ಬಣ್ಣವಿರುವ ಗಂಡನ್ನು ಮೆಚ್ಚುತ್ತದೆ. ಸಂಶೋಧಕರು ತೊಟ್ಟಿಯ ಮೇಲೆ ಕಿತ್ತಳೆ ಬೆಳಕು ಬಿಟ್ಟು ಆ ಬಣ್ಣದ ವ್ಯತ್ಯಾಸವೇ ಕಾಣದಂತೆ ಮಾಡಿದಾಗ ಹೆಣ್ಣುಗಳ ಈ ಒಲವು ಕಾಣೆಯಾಯಿತು. ಗಂಡುಗಳು ಬದಲಾಗಿರಲಿಲ್ಲ, ಬೆಳಕು ಮಾತ್ರ ಬದಲಾಗಿತ್ತು.

ಕದಡಿದ ನೀರು ಮಾಡುವುದೂ ಇದನ್ನೇ. ತೇಲುವ ಕಣಗಳು ಬೆಳಕನ್ನು ಚದುರಿಸುತ್ತವೆ, ದೂರದ್ದು ಮಸುಕಾಗುತ್ತದೆ. ಜೊತೆಗೆ ನೀಲಿ ಬೆಳಕು ಬೇಗ ನುಂಗಿಹೋಗಿ, ಉಳಿದ ಬೆಳಕು ಹಳದಿ-ಕೆಂಪಿನ ಕಡೆಗೆ ವಾಲುತ್ತದೆ. ನೀಲಿ ಮೀನು ಆ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ. ದೂಳು ತುಂಬಿದ ರಸ್ತೆಯಲ್ಲಿ ಎದುರು ಬರುವವರ ಮುಖ ಗುರುತು ಸಿಗದ ಹಾಗೆ, ಹೆಣ್ಣು ಮೀನಿಗೆ ಗಂಡಿನ ಬಣ್ಣವೂ ಕುಣಿತವೂ ಸ್ಪಷ್ಟವಾಗುವುದಿಲ್ಲ.

ವಿಕ್ಟೋರಿಯಾ ಸರೋವರದಲ್ಲಿ ಕಂಡದ್ದು

ಇದರ ಪರಿಣಾಮ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಹೆಸರಾಂತ ಉದಾಹರಣೆ ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರ. ಅಲ್ಲಿ ಸಿಕ್ಲಿಡ್ ಎಂಬ ಗುಂಪಿನ ನೂರಾರು ಜಾತಿಯ ಮೀನುಗಳಿದ್ದವು. ನಮ್ಮಲ್ಲಿ ಜಿಲೇಬಿ ಎಂದು ಕರೆಯುವ ತಿಲಾಪಿಯಾ ಇದೇ ವಂಶದ್ದು. ಅಲ್ಲಿನ ಹತ್ತಿರದ ಜಾತಿಗಳು ಒಂದರೊಡನೊಂದು ಕೂಡಿದರೂ ಮರಿಯಾಗುತ್ತದೆ, ಆ ಮರಿ ಬದುಕುತ್ತದೆ. ಅವುಗಳನ್ನು ಬೇರೆ ಬೇರೆಯಾಗಿ ಉಳಿಸಿದ್ದು ಬಹುಮಟ್ಟಿಗೆ ಹೆಣ್ಣಿನ ಕಣ್ಣು: ಒಂದು ಜಾತಿಯ ಹೆಣ್ಣು ಕೆಂಪು ಗಂಡನ್ನು ಆರಿಸಿದರೆ, ಇನ್ನೊಂದರ ಹೆಣ್ಣು ನೀಲಿ ಗಂಡನ್ನು ಆರಿಸುತ್ತದೆ.

ಸುತ್ತಲಿನ ಬೇಸಾಯ, ಕಾಡು ಕಡಿತ ಮತ್ತು ಊರುಗಳ ಕೊಳಚೆಯಿಂದ ಸರೋವರ ಕದಡಿತು. 1997ರಲ್ಲಿ ಓಲೆ ಸೀಹಾವ್ಸೆನ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೀರು ತಿಳಿಯಾಗಿರುವ ಕಡೆ ಗಂಡುಗಳ ಬಣ್ಣ ಢಾಳಾಗಿತ್ತು, ಜಾತಿಗಳು ಹೆಚ್ಚಿದ್ದವು. ನೀರು ಕದಡಿದ ಕಡೆ ಬಣ್ಣಗಳು ಮಂಕಾಗಿದ್ದವು, ಜಾತಿಗಳು ಕಡಿಮೆಯಿದ್ದವು, ಎರಡರ ನಡುವಿನ ಮಿಶ್ರ ಮೀನುಗಳು ಕಾಣುತ್ತಿದ್ದವು. ಆ ಸರೋವರದ ಮೀನುಗಳು ಕಡಿಮೆಯಾಗಲು ಹೊರಗಿನಿಂದ ತಂದು ಬಿಟ್ಟ ನೈಲ್ ಪರ್ಚ್ ಎಂಬ ಬೇಟೆಗಾರ ಮೀನೂ ದೊಡ್ಡ ಕಾರಣ. ಆದರೆ ನೀರಿನ ಮಬ್ಬು ಮಾಡಿದ ಹಾನಿ ಬೇರೆ ಬಗೆಯದು. ಅಲ್ಲಿ ಮೀನು ಸತ್ತು ತೇಲಲಿಲ್ಲ. ಮೀನು ಇತ್ತು, ಮರಿಯೂ ಆಗುತ್ತಿತ್ತು, ಆದರೆ ಜಾತಿಗಳು ಒಂದರಲ್ಲೊಂದು ಕಲಸಿ ಕಳೆದುಹೋದವು.

ಬಾಲ್ಟಿಕ್ ಸಮುದ್ರದ ದಡದಲ್ಲಿ

ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರದ ತೀರದಲ್ಲಿ ಪಾಚಿಯ ಕಾಟ ಹೆಚ್ಚು. ಅಲ್ಲಿನ ಸ್ಟಿಕಲ್‌ಬ್ಯಾಕ್ ಎಂಬ ಸಣ್ಣ ಮೀನಿನಲ್ಲಿ ಗಂಡು ಗೂಡು ಕಟ್ಟುತ್ತದೆ, ಹೊಟ್ಟೆ ಕೆಂಪಾಗಿಸಿಕೊಂಡು ಕುಣಿದು ಹೆಣ್ಣನ್ನು ಕರೆಯುತ್ತದೆ, ಮೊಟ್ಟೆಗಳನ್ನು ತಾನೇ ಕಾಯುತ್ತದೆ. ತಿಳಿ ನೀರಿನಲ್ಲಿ ಬಲಹೀನ ಗಂಡು ಹೆಚ್ಚು ಮೆರೆಯುವುದಿಲ್ಲ, ಯಾಕೆಂದರೆ ಪಕ್ಕದ ಬಲಿಷ್ಠ ಗಂಡು ನೋಡಿ ಅಟ್ಟಿಸಿಕೊಂಡು ಬರುತ್ತದೆ. ನೀರು ಮಬ್ಬಾದಾಗ ಈ ಹೆದರಿಕೆ ತಪ್ಪುತ್ತದೆ. ಬಲಹೀನ ಗಂಡುಗಳೂ ಜೋರಾಗಿ ಕುಣಿಯತೊಡಗುತ್ತವೆ. ಕುಣಿತ ನೋಡಿ ಒಳ್ಳೆಯ ತಂದೆಯನ್ನು ಆರಿಸುವ ಹೆಣ್ಣಿನ ಲೆಕ್ಕಾಚಾರ ತಪ್ಪುತ್ತದೆ. ಫಿನ್ಲೆಂಡಿನಲ್ಲಿ ನಡೆದ ಅಧ್ಯಯನಗಳು ಇದನ್ನು ದಾಖಲಿಸಿವೆ.

ಅದೇ ಸಮುದ್ರದ ಸ್ಯಾಂಡ್ ಗೋಬಿ ಎಂಬ ಮೀನಿನ ಮೇಲೆ 2004ರಲ್ಲಿ ಪ್ರಕಟವಾದ ಪ್ರಯೋಗವೂ ಇದೇ ದಾರಿಯದು. ತಿಳಿ ನೀರಿನಲ್ಲಿ ಕೆಲವೇ ದೊಡ್ಡ ಗಂಡುಗಳು ಹೆಚ್ಚಿನ ಹೆಣ್ಣುಗಳನ್ನು ಸೆಳೆದವು. ಪಾಚಿ ನೀರಿನಲ್ಲಿ ಆ ಮೇಲುಗೈ ಇಳಿದು, ಕೂಡುವ ಅವಕಾಶ ಎಲ್ಲ ಗಂಡುಗಳಿಗೂ ಹಂಚಿಹೋಯಿತು. ಕೇಳಲು ಇದು ನ್ಯಾಯವೆನಿಸಬಹುದು. ಆದರೆ ಮೊಟ್ಟೆ ಕಾಯುವ ಕೆಲಸ ಗಂಡಿನದಾದಾಗ, ಆ ಕೆಲಸಕ್ಕೆ ತಕ್ಕ ಗಂಡನ್ನು ಆರಿಸುವ ದಾರಿ ಮುಚ್ಚಿದರೆ ಅದರ ಬೆಲೆ ತೆರುವುದು ಮರಿಗಳು.

ಕಣ್ಣು ಕಾಣದಿದ್ದರೇನು, ವಾಸನೆ ಇದೆಯಲ್ಲ?

ಒಳ್ಳೆಯ ಪ್ರಶ್ನೆ. ಮೀನುಗಳಿಗೆ ವಾಸನೆ ಹಿಡಿಯುವ ಶಕ್ತಿ ಚುರುಕಾಗಿದೆ. ನೀರು ಮಬ್ಬಾದಾಗ ಸ್ಟಿಕಲ್‌ಬ್ಯಾಕ್ ಹೆಣ್ಣುಗಳು ಕಣ್ಣಿಗಿಂತ ಮೂಗನ್ನೇ ಹೆಚ್ಚು ನೆಚ್ಚಿಕೊಳ್ಳುವುದು ಕಂಡಿದೆ. ಪಾಚಿಯಿಂದ ನೀರಿನ ಕ್ಷಾರತೆ ಏರಿದಾಗ ವಾಸನೆಯ ಸಂಕೇತ ಇನ್ನಷ್ಟು ಕೆಲಸಕ್ಕೆ ಬಂದದ್ದೂ ಉಂಟು. ಅಂದರೆ ಮೀನುಗಳು ಕೈಕಟ್ಟಿ ಕೂರುವುದಿಲ್ಲ, ಬೇರೆ ದಾರಿ ಹುಡುಕುತ್ತವೆ.

ಆದರೆ ಆ ದಾರಿಯೂ ಮುಚ್ಚಬಹುದು. ಮೆಕ್ಸಿಕೋದ ತೊರೆಗಳಲ್ಲಿರುವ ಸ್ವೋರ್ಡ್‌ಟೇಲ್ ಎಂಬ ಮೀನಿನ ಹೆಣ್ಣುಗಳು ಶುದ್ಧ ನೀರಿನಲ್ಲಿ ತಮ್ಮ ಜಾತಿಯ ಗಂಡಿನ ವಾಸನೆಯನ್ನು ಸರಿಯಾಗಿ ಗುರುತಿಸಿದವು. ಎಲೆ, ಸಗಣಿ ಮೊದಲಾದವು ಕೊಳೆತಾಗ ಉಂಟಾಗುವ ಹ್ಯೂಮಿಕ್ ಆಮ್ಲವನ್ನು ನೀರಿಗೆ ಸೇರಿಸಿದಾಗ ಗುರುತು ಸಿಗದಾಯಿತು. 2006ರಲ್ಲಿ ಪ್ರಕಟವಾದ ಈ ಅಧ್ಯಯನ ತೋರಿಸುವುದಿಷ್ಟು: ನೀರು ನೋಡಲು ತಿಳಿಯಾಗಿದ್ದರೂ ಅದರಲ್ಲಿ ಕರಗಿದ ವಸ್ತು ಮೀನಿನ ಮೂಗನ್ನು ಕಟ್ಟಬಹುದು.

ಮೊಟ್ಟೆಗೆ ಉಸಿರು ಬೇಕು

ಜೋಡಿ ಕೂಡಿದ ಮೇಲೂ ಅಪಾಯ ಮುಗಿಯುವುದಿಲ್ಲ. ಮೀನಿನ ಮೊಟ್ಟೆ ಕೋಳಿಮೊಟ್ಟೆಯಂತೆ ಗಟ್ಟಿ ಚಿಪ್ಪಿನದಲ್ಲ. ತೆಳುವಾದ ಪೊರೆಯ ಮೂಲಕ ಅದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಆ ಪೊರೆಯ ಮೇಲೆ ನಯವಾದ ಹೂಳು ಕೂತರೆ ಉಸಿರಾಟಕ್ಕೆ ಅಡ್ಡಿ. ಕೂತ ಹೂಳಿನಲ್ಲಿ ಶಿಲೀಂಧ್ರವೂ ಬೇಗ ಹಬ್ಬುತ್ತದೆ.

ಕಾಟ್ಲಾ, ರೋಹುವಿನಂಥ ಮೀನುಗಳಿಗೆ ನಿಸರ್ಗ ಇದಕ್ಕೊಂದು ಉಪಾಯ ಮಾಡಿದೆ. ಅವುಗಳ ಮೊಟ್ಟೆ ಅಂಟುವುದಿಲ್ಲ, ನೀರು ಹೀರಿ ಉಬ್ಬಿ ಹರಿವಿನಲ್ಲಿ ತೇಲಾಡುತ್ತ ಸಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಒಂದು ದಿನ ತುಂಬುವುದರೊಳಗೆ ಒಡೆದು ಮರಿಯಾಗುತ್ತದೆ. ಹರಿಯುವ ನೀರು ಎಷ್ಟೇ ಕೆಂಪಾಗಿದ್ದರೂ ಹೂಳು ಅದರ ಮೇಲೆ ಕೂರಲು ಸಮಯವೇ ಸಿಗುವುದಿಲ್ಲ. ನೆರೆಯ ರಾಡಿ ಈ ಮೀನುಗಳನ್ನು ಕೆಡಿಸದಿರಲು ಕಾರಣ ಇದು. ಅದೇ ಹೂಳು ನಿಂತ ನೀರಿನಲ್ಲಿ ಗಿಡಕ್ಕೆ ಅಂಟಿದ ಮೊಟ್ಟೆಯ ಮೇಲೆ ದಿನವಿಡೀ ಇಳಿಯುತ್ತಿದ್ದರೆ ಫಲ ಬೇರೆ.

ಮೊಟ್ಟೆ ಒಡೆದ ಮರಿ ಮೊದಲ ಎರಡು-ಮೂರು ದಿನ ತನ್ನ ಹೊಟ್ಟೆಯಡಿಯ ಬಂಡಾರದ ಚೀಲದಿಂದ ಬದುಕುತ್ತದೆ. ಆಮೇಲೆ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಹುಡುಕಿ ತಿನ್ನಬೇಕು. ಹೆಚ್ಚಿನ ಮರಿಗಳು ಕಣ್ಣಿನಿಂದಲೇ ಬೇಟೆಯಾಡುತ್ತವೆ. ಮಣ್ಣಿನಿಂದ ಕದಡಿದ ನೀರಿನಲ್ಲಿ ಬೆಳಕು ಒಳಗಿಳಿಯದೆ ಆಹಾರವೂ ಕಡಿಮೆ ಬೆಳೆಯುತ್ತದೆ, ಇರುವುದೂ ಕಣ್ಣಿಗೆ ಬೀಳುವುದಿಲ್ಲ. ಸ್ವಲ್ಪ ಮಬ್ಬಿನಿಂದ ಮರಿಗಳಿಗೆ ಒಂದು ಲಾಭವಿದೆ: ಹಕ್ಕಿ ಮತ್ತು ದೊಡ್ಡ ಮೀನುಗಳ ಕಣ್ಣಿನಿಂದಲೂ ಅವು ತಪ್ಪಿಸಿಕೊಳ್ಳುತ್ತವೆ. ಮಬ್ಬು ಹೆಚ್ಚಿದಂತೆ ಹಸಿವಿನ ನಷ್ಟ ಆ ಲಾಭವನ್ನು ಮೀರುತ್ತದೆ.

ನಮ್ಮ ಕೆರೆಯ ಮೀನುಗಳಲ್ಲಿ ಯಾವುದಕ್ಕೆ ಎಷ್ಟು ಅಪಾಯ?

ಕಾಟ್ಲಾ, ರೋಹು, ಮೃಗಾಲ್: ಇವು ಕೆರೆಯಲ್ಲಿ ಸಾಮಾನ್ಯವಾಗಿ ಮರಿ ಮಾಡುವುದೇ ಇಲ್ಲವಾದ್ದರಿಂದ ರಾಡಿಯ ಪರಿಣಾಮ ಸಂತಾನದ ಮೇಲಲ್ಲ, ತಂದು ಬಿಟ್ಟ ಮರಿಗಳ ಉಳಿವು ಮತ್ತು ಬೆಳವಣಿಗೆಯ ಮೇಲೆ. ಬೆರಳುದ್ದವಾದರೂ ಬೆಳೆದ ಮರಿಗಳನ್ನು ಬಿಟ್ಟರೆ ತಡೆದುಕೊಳ್ಳುವ ಶಕ್ತಿ ಹೆಚ್ಚು.

ಸಾಮಾನ್ಯ ಗೆಂಡೆ: ನಿಂತ ನೀರಿನಲ್ಲೂ ಮೊಟ್ಟೆ ಇಡುತ್ತದೆ. ಮೊಟ್ಟೆ ಅಂಟಂಟಾಗಿದ್ದು, ದಡದ ಹುಲ್ಲು, ನೀರುಗಿಡಗಳಿಗೆ ಅಂಟಿಕೊಂಡು ಎರಡು-ಮೂರು ದಿನ ಇರುತ್ತದೆ. ಹೂಳು ಕೂರುವ ಅಪಾಯ ಇದಕ್ಕೆ ಹೆಚ್ಚು. ವಿಚಿತ್ರವೆಂದರೆ ಕೆರೆಯ ತಳವನ್ನು ಕೆದಕಿ ಮೇಯುತ್ತ ನೀರು ಕದಡುವ ಮೀನೂ ಇದೇ. ಇದನ್ನು ಮಿತಿಮೀರಿ ಬಿಟ್ಟ ಕೆರೆ ತಿಳಿಯಾಗುವುದು ಕಷ್ಟ.

ಪಕ್ಕೆ ಮೊದಲಾದ ಸಣ್ಣ ಮೀನುಗಳು: ಇವನ್ನು ಯಾರೂ ತಂದು ಬಿಡುವುದಿಲ್ಲ. ದಡದ ಆಳವಿಲ್ಲದ ನೀರು, ಹುಲ್ಲು, ಹಳ್ಳದ ಬಾಯಿ ಇವುಗಳ ಹೆರಿಗೆಮನೆ. ಹೂಳು ಮೊದಲು ಬಂದು ಕೂರುವುದೂ ಅಲ್ಲಿಯೇ.

ಕೊರವ, ಅಂದರೆ ಹಾವಿನ ತಲೆಯಂಥ ತಲೆಯ ಮೀನು: ಗಿಡಗಳ ನಡುವೆ ಜಾಗ ಮಾಡಿಕೊಂಡು ಮೊಟ್ಟೆ ಇಡುತ್ತದೆ. ಮೊಟ್ಟೆ ಮೇಲೆ ತೇಲುತ್ತದೆ, ತಂದೆ-ತಾಯಿ ಕಾಯುತ್ತವೆ. ಹೊರಗಿನ ಗಾಳಿಯನ್ನೂ ಉಸಿರಾಡಬಲ್ಲದು. ಹೀಗಾಗಿ ರಾಡಿಯನ್ನು ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ದಡದ ಗಿಡ ಹೋದರೆ ಗೂಡು ಹೋಯಿತು.

ಜಿಲೇಬಿ: 1952ರಲ್ಲಿ ಭಾರತಕ್ಕೆ ಬಂದ ಮೊಸಾಂಬಿಕ್ ತಿಲಾಪಿಯಾದಲ್ಲಿ ಗಂಡು ತಳದಲ್ಲಿ ಗುಂಡಿ ತೋಡುತ್ತದೆ, ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಬಾಯೊಳಗಿನ ಮೊಟ್ಟೆಗೆ ಹೂಳಿನ ಕಾಟವಿಲ್ಲ. ಬೇರೆ ಮೀನುಗಳ ಮೊಟ್ಟೆ ಉಸಿರುಗಟ್ಟುವ ಕೆರೆಯಲ್ಲೂ ಇದರ ಸಂಸಾರ ನಡೆಯುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಪ್ರತಿವರ್ಷ ಮರಿ ತಂದು ಬಿಡುವ ಕೆರೆಯಲ್ಲಿ ಬಲೆ ಹಾಕಿದರೆ ಮೀನು ಸಿಕ್ಕೇ ಸಿಗುತ್ತದೆ. ‘ಕೆರೆ ಚೆನ್ನಾಗಿದೆ’ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ತಾನಾಗಿ ಹುಟ್ಟಬೇಕಾದ ಸ್ಥಳೀಯ ಮೀನುಗಳು ಹುಟ್ಟುತ್ತಿವೆಯೇ ಎಂಬುದನ್ನು ಆ ಬಲೆ ಹೇಳುವುದಿಲ್ಲ. ಅದನ್ನು ಹೇಳುವವರು ಗಾಳ ಹಾಕುವ ಹಿರಿಯರು. ‘ಮೊದಲು ಯಾವ ಯಾವ ಸಣ್ಣ ಮೀನು ಸಿಗುತ್ತಿತ್ತು, ಈಗ ಯಾವುದು ಸಿಗುವುದಿಲ್ಲ’ ಎಂದು ಅವರನ್ನು ಕೇಳಿ ನೋಡಿ.

ಕೆಲವು ತಪ್ಪು ತಿಳಿವಳಿಕೆಗಳು

‘ಬತ್ತಿದ ಕೆರೆಯ ಕೆಸರಿನಿಂದಲೇ ಮೀನು ಹುಟ್ಟುತ್ತದೆ.’ ಇಲ್ಲ. ಮಳೆ ಬಂದಾಗ ಮೀನು ಕಾಣಿಸಿಕೊಳ್ಳುವುದು ಹಳ್ಳ, ಕಾಲುವೆ, ಮೇಲಿನ ಕೆರೆಯ ಕೋಡಿ ನೀರಿನ ಮೂಲಕ ಬಂದದ್ದರಿಂದ. ಕೊರವದಂಥ ಕೆಲವು ಮೀನುಗಳು ತೇವವಿರುವ ಕೆಸರಿನಲ್ಲಿ ಹುದುಗಿ ಕೆಲಕಾಲ ಬದುಕಿರುತ್ತವೆ.

‘ನೀರು ತಿಳಿಯಾದಷ್ಟೂ ಮೀನಿಗೆ ಒಳ್ಳೆಯದು.’ ಇದೂ ಪೂರ್ತಿ ಸರಿಯಲ್ಲ. ಕನ್ನಡಿಯಂಥ ನೀರಿನಲ್ಲಿ ಮೀನಿಗೆ ಬೇಕಾದ ಸೂಕ್ಷ್ಮ ಸಸ್ಯ, ಪ್ರಾಣಿಗಳು ಕಡಿಮೆ. ಸಾಕಣೆಯ ಹೊಂಡಗಳಲ್ಲಿ ತಿಳಿ ಹಸಿರು ಬಣ್ಣ ಒಳ್ಳೆಯ ಲಕ್ಷಣ.

‘ಹಸಿರು ನೀರಾದರೆ ಆಮ್ಲಜನಕ ಹೆಚ್ಚು.’ ಹಗಲಿನಲ್ಲಿ ಹೌದು. ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಬಳಸುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಪಾಚಿ ಮಿತಿಮೀರಿದೆ ಎಂದು ತಿಳಿಯಿರಿ.

‘ಹೊಸ ನೀರಿಗೆ ಏರಿ ಬಂದ ಮೀನು ಹಿಡಿದರೆ ಏನೂ ಆಗದು, ಒಂದೊಂದೂ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ.’ ದೊಡ್ಡ ಜಾತಿಯ ಹೆಣ್ಣು ಒಂದು ಕೆಜಿ ತೂಕಕ್ಕೆ ಲಕ್ಷಕ್ಕೂ ಹೆಚ್ಚು ಮೊಟ್ಟೆ ಇಡುವುದು ನಿಜ. ಅವುಗಳಲ್ಲಿ ದೊಡ್ಡದಾಗಿ ಬೆಳೆಯುವುದು ಬೆರಳೆಣಿಕೆಯಷ್ಟು. ಮಲೆನಾಡಿನಲ್ಲಿ ‘ಹತ್ತುಮೀನು’ ಎಂದು ಕೂಣಿ ಇಟ್ಟು ಹಿಡಿಯುವುದು ಮೊಟ್ಟೆ ತುಂಬಿಕೊಂಡು ಹಳ್ಳ ಏರುವ ಮೀನುಗಳನ್ನೇ. ಆ ಎಂಟು-ಹತ್ತು ದಿನ ಹಳ್ಳದ ಬಾಯಿಯನ್ನು ಬಲೆ ಕಟ್ಟಿ ಪೂರ್ತಿ ಮುಚ್ಚದಿದ್ದರೆ ಮುಂದಿನ ವರ್ಷಕ್ಕೆ ಬೀಜ ಉಳಿಯುತ್ತದೆ.

ನಿಮ್ಮ ಕೆರೆಯ ರಾಡಿಯನ್ನು ನೀವೇ ಅಳೆಯಬಹುದು

1865ರಲ್ಲಿ ಇಟಲಿಯ ಪಾದ್ರಿ ಹಾಗೂ ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಸಮುದ್ರದ ನೀರು ಎಷ್ಟು ತಿಳಿ ಎಂದು ನೋಡಲು ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಇಂದಿಗೂ ಕೆರೆಗಳಲ್ಲಿ ಬಳಸುವುದು ಅದೇ ‘ಸೆಕ್ಕಿ ತಟ್ಟೆ’. ಸುಮಾರು 20 ಸೆಂ.ಮೀ. ಅಗಲದ ತಟ್ಟೆಯನ್ನು ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು-ಬಿಳಿ ಬಣ್ಣ ಬಳಿಯಿರಿ. ನಡುವೆ ತೂತು ಮಾಡಿ ಅಳತೆ ಗುರುತು ಹಾಕಿದ ಹಗ್ಗ ಕಟ್ಟಿ, ಅಡಿಗೆ ಒಂದು ಭಾರ ಕಟ್ಟಿ. ನೀರಿಗೆ ಇಳಿಬಿಟ್ಟಾಗ ಕಾಣದಾಗುವ ಆಳ ಮತ್ತು ಎತ್ತುವಾಗ ಮತ್ತೆ ಕಾಣುವ ಆಳ, ಎರಡರ ಸರಾಸರಿಯೇ ನಿಮ್ಮ ಅಳತೆ. ಮಧ್ಯಾಹ್ನದ ಬಿಸಿಲಿನಲ್ಲಿ, ಪ್ರತಿ ಸಲ ಒಂದೇ ಜಾಗದಲ್ಲಿ ನೋಡಿ.

ಸಾಕಣೆಯ ಹೊಂಡಗಳಿಗೆ ಸುಮಾರು 30ರಿಂದ 40 ಸೆಂ.ಮೀ. ಒಳ್ಳೆಯದೆನ್ನುತ್ತಾರೆ. ಈ ಮಬ್ಬು ಮೀನಿನ ಆಹಾರದಿಂದ ಬಂದದ್ದಾಗಿರಬೇಕು, ಮಣ್ಣಿನಿಂದಲ್ಲ. ಎರಡನ್ನೂ ಬೇರ್ಪಡಿಸಿ ತಿಳಿಯಲು ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಒಂದು ದಿನ ಅಲುಗಾಡಿಸದೆ ಇಡಿ. ನೀರು ಹಸಿರಾಗಿದ್ದರೆ ಪಾಚಿ. ತಳದಲ್ಲಿ ಮಣ್ಣು ಕೂತು ಮೇಲೆ ತಿಳಿಯಾದರೆ ಒರಟು ಹೂಳು. ಮರುದಿನವೂ ಕೆಂಪು ಅಥವಾ ಬೂದಾಗಿಯೇ ಇದ್ದರೆ ನಯವಾದ ಜೇಡಿ. ಮಳೆ ನಿಂತ ಮೇಲೆ ಹದಿನೈದು ದಿನಕ್ಕೊಮ್ಮೆ ಅಳೆದು ಬರೆದಿಟ್ಟರೆ, ನಿಮ್ಮ ಕೆರೆ ತಾನಾಗಿ ತಿಳಿಯಾಗುತ್ತಿದೆಯೇ ಇಲ್ಲವೇ ಎಂಬುದು ಒಂದೇ ವರ್ಷದಲ್ಲಿ ಗೊತ್ತಾಗುತ್ತದೆ.

ಏನು ಮಾಡಬಹುದು?

ರಾಡಿಯನ್ನು ಕೆರೆಯಲ್ಲಿ ತೆಗೆಯುವುದಕ್ಕಿಂತ ಹೊಲದಲ್ಲಿ ತಡೆಯುವುದು ಸುಲಭ. ಹೊಲದ ಬದು ಗಟ್ಟಿಯಾಗಿಟ್ಟು, ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿದರೆ ಮಣ್ಣು ಹೊಲದಲ್ಲೇ ಉಳಿಯುತ್ತದೆ. ಅದು ರೈತರಿಗೂ ಲಾಭ. ಹಳ್ಳ ಕೆರೆಗೆ ಸೇರುವ ಮೊದಲು ಒಂದು ಸಣ್ಣ ಗುಂಡಿ ಇದ್ದರೆ ಒರಟು ಹೂಳು ಅಲ್ಲೇ ಇಳಿಯುತ್ತದೆ. ಊರಿನ ಗಟಾರವನ್ನು ನೇರವಾಗಿ ಕೆರೆಗೆ ಬಿಡದಿದ್ದರೆ ಪಾಚಿ ತಗ್ಗುತ್ತದೆ.

ಹೂಳೆತ್ತುವಾಗ ಕೆರೆಯ ಅಂಚನ್ನು ಗೋಡೆಯಂತೆ ನೇರವಾಗಿ ಕೊರೆಯಬೇಡಿ. ಒಂದು ಬದಿಯಾದರೂ ಇಳಿಜಾರಾಗಿ, ಹುಲ್ಲು ಮತ್ತು ನೀರುಗಿಡಗಳೊಡನೆ ಉಳಿಯಲಿ. ಮೊಟ್ಟೆ ಇಡಲು ಮೀನಿಗೆ ಬೇಕಾದದ್ದು ಆ ಜಾಗ. ದನಕರು ನೀರಿಗಿಳಿಯಲು ಒಂದೇ ಕಡೆ ದಾರಿ ಮಾಡಿದರೆ ಉಳಿದ ದಡ ಕದಡುವುದಿಲ್ಲ. ಸಾಮಾನ್ಯ ಗೆಂಡೆಯ ಮರಿಗಳನ್ನು ಮಿತಿಯಲ್ಲಿ ಬಿಡಿ. ಸುಣ್ಣ, ಜಿಪ್ಸಮ್, ಪಟಿಕ ಹಾಕಿ ಜೇಡಿಯನ್ನು ಇಳಿಸುವ ವಿಧಾನಗಳು ಸಣ್ಣ ಹೊಂಡಗಳಿಗೆ ಇವೆ. ಪಟಿಕ ಹೆಚ್ಚಾದರೆ ನೀರಿನ ಆಮ್ಲತೆ ಏರಿ ಮೀನಿಗೇ ಕುತ್ತಾಗುತ್ತದೆ. ಮೀನುಗಾರಿಕೆ ಇಲಾಖೆಯವರನ್ನು ಕೇಳದೆ ಅಂದಾಜಿನ ಮೇಲೆ ಹಾಕಬೇಡಿ.

ಕೊನೆಯ ಮಾತು

ಮುಂದಿನ ಮಳೆಗಾಲದಲ್ಲಿ ಹಳ್ಳ ಕೆಂಪಾಗಿ ಹರಿದರೆ ಗಾಬರಿಯಾಗಬೇಕಿಲ್ಲ. ಅದು ಮೀನುಗಳಿಗೆ ಹೊತ್ತಾಯಿತೆಂದು ತಿಳಿಸುವ ನೀರು. ನೋಡಬೇಕಾದದ್ದು ಆಮೇಲೆ. ಮಳೆ ನಿಂತು, ದಸರೆ ದೀಪಾವಳಿ ಕಳೆದರೂ ಕೆರೆ ಅದೇ ಬಣ್ಣದಲ್ಲಿದ್ದರೆ, ಅಲ್ಲಿ ಮೀನು ಬದುಕಿರಬಹುದು, ಬಲೆಗೂ ಬೀಳಬಹುದು. ಆದರೆ ಆ ಕೆರೆಯಲ್ಲೇ ಹುಟ್ಟುವ ಮೀನುಗಳಿಗೆ ಜೊತೆ ಹುಡುಕುವುದೂ, ಮೊಟ್ಟೆ ಉಳಿಸಿಕೊಳ್ಳುವುದೂ ಕಷ್ಟವಾಗಿದೆ ಎಂದು ಅದು ಹೇಳುತ್ತಿರುತ್ತದೆ.